ಏರು ಬಂದಾಗಲೇ ಕೈಕೊಡುವ ವ್ಯಾನು

ನಮ್ಮ ಲೋಡಿನ ವ್ಯಾನು ಖಾಲಿ ರಸ್ತೆಯಲ್ಲಿ ಎಂದೂ ಕೈಕೊಡುವುದಿಲ್ಲ. ಏರು ಬರಬೇಕು, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರಬೇಕು, ಆಗಲೇ ಎಂಜಿನ್ ಸುಸ್ತಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ತೆವಳುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ!

ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಏನೋ ಸರಿಯಿಲ್ಲ ಅಂತ ಸೆನ್ಸರ್ ಹೇಳಿದರೆ, ಎಂಜಿನ್ ಹಾಳಾಗದಿರಲಿ ಅಂತ ಗಾಡಿಯ ಕಂಪ್ಯೂಟರೇ ಪವರ್ ತಗ್ಗಿಸುತ್ತದೆ. ಸರಿ, ಒಪ್ಪಿದೆ. ನನ್ನ ಸಿಟ್ಟು ಗ್ಯಾರೇಜಿನವರ ಮೇಲೆ. ಸ್ಕ್ಯಾನರ್ ಹಾಕುತ್ತಾರೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಕಡಿಮೆ ಅನ್ನುವ ದೋಷದ ಕೋಡ್ ಬರುತ್ತದೆ, ಅದನ್ನು ಅಳಿಸಿ ಬಿಲ್ ಕೊಡುತ್ತಾರೆ. ಕೋಡ್ ಅಳಿಸಿದರೆ ರೋಗ ಹೋಗುತ್ತದಾ? ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿರಬಹುದು, ಸವೆದ ವೈರ್ ಇರಬಹುದು. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪಿನಲ್ಲಿ ಸಣ್ಣ ಸೀಳಿದ್ದರಂತೂ ಗಾಡಿ ನಿಂತಾಗ ಕಾಣುವುದೇ ಕಷ್ಟ. ಲೋಡಿನಲ್ಲಿ ಒತ್ತಡ ಏರಿದಾಗಷ್ಟೇ ಬಾಯಿ ಬಿಡುತ್ತದೆ. ಲೋಡ್ ಹಾಕಿ ಓಡಿಸಿ ನೋಡಿ ಅಂದರೆ, "ಟೈಮಿಲ್ಲ ಸಾರ್."

ಜೊತೆಗೆ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಕಾಟ. ಅದರೊಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆಜ್ಜೆಗೊಮ್ಮೆ ನಿಂತು ಡೆಲಿವರಿ ಕೊಡುವ ಗಾಡಿ ಅಷ್ಟು ಬಿಸಿಯಾಗುವುದು ಯಾವಾಗ? "ಹೈವೇಯಲ್ಲಿ ಸುಮ್ನೆ ಒಂದು ರೌಂಡ್ ಹೋಗಿ ಬನ್ನಿ" ಅನ್ನುತ್ತಾರೆ. ಡೀಸೆಲ್ ಇವರಪ್ಪ ಹಾಕಿಸುತ್ತಾನಾ?

ಮೊನ್ನೆ ಮತ್ತೆ ಅದೇ ಕೋಡ್. ಈ ಸಲ ಟರ್ಬೊನೇ ಬದಲಿಸಬೇಕಂತೆ. ಪೈಪ್ ಬಿಚ್ಚಿ ನೋಡಿದಿರಾ ಅಂತ ಕೇಳಿದೆ. ಇನ್ನೂ ಇಲ್ಲವಂತೆ.