ಕೊನೆಯ ಬೆಂಚಿನ ವಿನಯ

ಆ ಭಾನುವಾರ ಆರಾಧನೆಯಲ್ಲಿ ಬೈಬಲ್ ಓದುವ ಸರದಿ ನನ್ನದು. ಲೂಕ 18ನೇ ಅಧ್ಯಾಯ, 9ರಿಂದ 14. ಯೆಹೂದ್ಯರ ಧರ್ಮಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುವ ಪಂಥದ ಫರಿಸಾಯನೂ, ಜನ ಪಾಪಿ ಅಂತ ದೂರ ಇಡುತ್ತಿದ್ದ ಸುಂಕದವನೂ ಪ್ರಾರ್ಥನೆಗೆ ಹೋದ ಕಥೆ. ಇರೋದು ಬರೀ 6 ವಚನ. ನಾನು ಮೂರು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಸುಂಕದವನು ಎದೆ ಬಡಿದುಕೊಳ್ಳುವ ಕಡೆ ದನಿ ಎಷ್ಟು ನಡುಗಬೇಕು ಅನ್ನೋದನ್ನೂ ಲೆಕ್ಕ ಹಾಕಿಟ್ಟಿದ್ದೆ.

"ರೀ, ಕನ್ನಡಕ ತಗೊಂಡ್ರಾ?" ಅಂದಳು ಹೆಂಡತಿ.

"ಎಲ್ಲಾ ಬಾಯಿಪಾಠ" ಅಂದೆ. ಕನ್ನಡಕ ಹಾಕಿದರೆ ವಯಸ್ಸು ಜಾಸ್ತಿ ಕಾಣುತ್ತೆ, ವಿಷಯ ಅಷ್ಟೇ. ಅವಳು ಮಾತಾಡದೆ ನನ್ನ ಜೇಬಿಗೆ ತುರುಕಿದಳು.

ಚರ್ಚಿನಲ್ಲಿ ಬೇಕಂತಲೇ ಕೊನೆಯ ಬೆಂಚಿನಲ್ಲಿ ಕೂತೆ. ಔತಣಕ್ಕೆ ಹೋದಾಗ ಕಡೆಯ ಜಾಗದಲ್ಲಿ ಕೂತುಕೋ, ಕರೆದವನೇ ಬಂದು "ಸ್ನೇಹಿತನೇ, ಇನ್ನೂ ಮೇಲಕ್ಕೆ ಬಾ" ಅನ್ನುತ್ತಾನೆ ಎಂದು ಯೇಸು ಹೇಳಿದ್ದು ಇದೇ ಲೂಕನ 14ನೇ ಅಧ್ಯಾಯದಲ್ಲಿದೆ. ನಾನು ಕಾದಿದ್ದು ಆ "ಮೇಲಕ್ಕೆ ಬಾ"ಗೇ. ಯಾರೂ ಕರೆಯಲಿಲ್ಲ. ಎರಡು ಸಲ ಕೆಮ್ಮಿದೆ. ಮುಂದಿದ್ದವರೊಬ್ಬರು ತಿರುಗಿ ನೋಡಿ, ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು.

ಓದು ಶುರುವಾಯಿತು. ಫರಿಸಾಯನ ಭಾಗ ಸೊಗಸಾಗಿ ಬಂತು. ನನಗೆ ಅವನ ಮೇಲೆ ಸ್ವಲ್ಪ ಕನಿಕರವೂ ಇದೆ. ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದೇ ಉಪವಾಸ, ಇವನು ಮಾಡುತ್ತಿದ್ದದ್ದು ವಾರಕ್ಕೆ ಎರಡು! ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಬೇರೆ ಕೊಡುತ್ತಿದ್ದ. ಪಾಪ, ಒಂದೂ ಸುಳ್ಳು ಹೇಳಲಿಲ್ಲ. ದೂರದಲ್ಲಿ ನಿಂತಿದ್ದ ಸುಂಕದವನ ಕಡೆ ಕಣ್ಣು ಹಾಯಿಸಿ "ನಾನು ಇವನ ಹಾಗಲ್ಲ" ಅಂದ, ಅಲ್ಲಿ ಕೆಟ್ಟ. ಅಂದಹಾಗೆ, ಹಿಂದಿನ ವಾರ ಓದಿದವರು ಹೆಸರುಗಳಲ್ಲಿ ಎಡವಿದ್ದರು. 4 ಸಲ. ನಾನು ಎಣಿಸಿದ್ದೆ.

ಕೊನೆಯ ವಚನ. ಪುಸ್ತಕ ನೋಡದೆ, ಸಭೆಯನ್ನೇ ನೋಡುತ್ತಾ ಗಂಭೀರವಾಗಿ ಹೇಳಿದೆ: "ತನ್ನನ್ನು ಹೆಚ್ಚಿಸಿಕೊಳ್ಳುವವನು ಹೆಚ್ಚಿಸಲ್ಪಡುವನು."

ಎಲ್ಲೋ ಏನೋ ತಪ್ಪಿತು ಅನ್ನಿಸಿತು. ಬಗ್ಗಿ ನೋಡಿದರೆ ಪುಟದ ತುಂಬಾ ಇರುವೆ ಸಾಲು. "ಕ್ಷಮಿಸಿ, ತಗ್ಗಿಸಿಕೊಳ್ಳುವವನು ತಗ್ಗಿಸಲ್ಪಡುವನು" ಅಂದೆ. ಮುಂದಿನ ಸಾಲಿನಲ್ಲಿ ಒಂದು ಮಗು ಕಿಸಕ್ಕಂತ ನಕ್ಕಿತು. ಪಾಸ್ಟರ್ ಕೆಮ್ಮಿದರು. ಅದೂ ಎರಡು ಸಲ.

ಜೇಬಿಗೆ ಕೈ ಹಾಕಿದೆ. ಕನ್ನಡಕದ ಒಂದು ಕಡ್ಡಿ ದಾರಕ್ಕೆ ಸಿಕ್ಕಿಕೊಂಡು, ಅದನ್ನು ಬಿಡಿಸುವಷ್ಟು ಹೊತ್ತು ಇಡೀ ಸಭೆ ನನ್ನ ಜೇಬನ್ನೇ ನೋಡುತ್ತಿತ್ತು. ಅಂತೂ ಮೂಗಿನ ಮೇಲೆ ಏರಿಸಿ, ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿದೆ: "ತನ್ನನ್ನು ಹೆಚ್ಚಿಸಿಕೊಳ್ಳುವವನು ತಗ್ಗಿಸಲ್ಪಡುವನು, ತನ್ನನ್ನು ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನು." ದನಿ ನಡುಗಿತು. ಅಭ್ಯಾಸ ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ನಡುಗಿತು.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಹಿಂದಿನ ವಾರದ ಆ ಓದುಗರೇ ಸಿಕ್ಕರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೇಜಾರು ಮಾಡ್ಕೋಬೇಡಿ. ನಂಗೂ ಹೋದ ವಾರ ಹೀಗೇ ಆಯ್ತು. ನೀವು ಗಮನಿಸಿರಲಿಕ್ಕಿಲ್ಲ."

"ಛೆ ಛೆ, ಇಲ್ಲವೇ ಇಲ್ಲ" ಅಂದೆ.