ಸ್ಪಷ್ಟನೆ: ಶಟ್‌ಡೌನ್ ಮಾಡಿದ ಮಾತ್ರಕ್ಕೆ ಕ್ಲೌಡ್ ಬಿಲ್ ನಿಲ್ಲುವುದಿಲ್ಲ

"ರಾತ್ರಿ ಅಂಗಡಿ ಮುಚ್ಚುವಾಗ ಕ್ಲೌಡ್ ಸರ್ವರನ್ನೂ ಶಟ್‌ಡೌನ್ ಮಾಡಿ, ಬೆಳಗ್ಗೆವರೆಗೆ ಒಂದು ಪೈಸೆಯೂ ಬೀಳಲ್ಲ" ಎಂಬ ಸಂದೇಶ ದಾವಣಗೆರೆಯ ವ್ಯಾಪಾರಿಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಕ್ಲೌಡ್ ಸರ್ವರ್ ಎಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಕಂಪ್ಯೂಟರ್. ಸಂದೇಶ ಹೇಳುವುದು ಪೂರ್ತಿ ನಿಜವಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯನ್ನು ಕ್ಲೌಡ್‌ಗೆ ಹಾಕಿಕೊಂಡ ಮಂಡಿಪೇಟೆಯ ಅಂಗಡಿಯವರು ಇದನ್ನೇ ನಂಬಿ ಕೂತರೆ ದುಡ್ಡು ಕಳೆದುಕೊಳ್ಳುವವರು ಅವರೇ.

ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್ ಬಳಸುವವರು ಮುಖ್ಯವಾಗಿ ಗಮನಿಸಬೇಕು. ಸರ್ವರ್‌ನೊಳಗಿನ ವಿಂಡೋಸ್‌ನ ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಕೊಟ್ಟರೆ ಅಜೂರ್ ಪೋರ್ಟಲ್‌ನಲ್ಲಿ (ಸರ್ವರ್ ನಿರ್ವಹಿಸುವ ವೆಬ್‌ಸೈಟ್) 'ಸ್ಟಾಪ್ಡ್' ಎಂದಷ್ಟೇ ಕಾಣುತ್ತದೆ. ಪ್ರೊಸೆಸರ್, ಮೆಮೊರಿ ನಿಮ್ಮ ಹೆಸರಿನಲ್ಲೇ ಕಾದಿರಿಸಿರುವುದರಿಂದ ಗಂಟೆಯ ಬಾಡಿಗೆ ಓಡುತ್ತಲೇ ಇರುತ್ತದೆ. ಪೋರ್ಟಲ್‌ಗೇ ಹೋಗಿ ಸ್ಟಾಪ್ ಒತ್ತಿ, 'ಡೀಅಲೊಕೇಟೆಡ್' (ಕಾದಿರಿಸಿದ್ದನ್ನು ಬಿಟ್ಟುಕೊಡಲಾಗಿದೆ) ಎಂದು ಬಂದ ಮೇಲಷ್ಟೇ ಆ ಬಾಡಿಗೆ ನಿಲ್ಲುವುದು. ಈ ಒಂದು ಪದ ಕಾಣುವವರೆಗೆ ದಯವಿಟ್ಟು ಬ್ರೌಸರ್ ಕಿಟಕಿ ಮುಚ್ಚಬೇಡಿ.

ಅಮೆಜಾನ್‌ನ ಕ್ಲೌಡ್ ಸೇವೆಯಲ್ಲಿ ಸರ್ವರ್ ನಿಲ್ಲಿಸಿದರೆ ಅದರ ಬಾಡಿಗೆ ನಿಲ್ಲುತ್ತದೆ, ಸರಿ. ಆದರೆ ಎರಡೂ ಕಡೆ ಡಿಸ್ಕಿನ ಬಾಡಿಗೆ ತಪ್ಪುವುದಿಲ್ಲ. ನಿಮ್ಮ ಲೆಕ್ಕಪತ್ರ ಅಲ್ಲೇ ಕೂತಿರುತ್ತದಲ್ಲ! ಕಾಯಂ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಪಡೆದಿದ್ದರೆ ಅದಕ್ಕೂ ಪ್ರತ್ಯೇಕ ದರ: ಅಮೆಜಾನ್‌ನಲ್ಲಿ 2024ರ ಫೆಬ್ರುವರಿಯಿಂದ ಬಳಕೆಯಲ್ಲಿರುವ ಸಾರ್ವಜನಿಕ ಐಪಿವಿ4 (ಹಳೆಯ, ಸಾಮಾನ್ಯ ಬಗೆಯ ಐಪಿ) ವಿಳಾಸಕ್ಕೂ ಗಂಟೆಗೆ 0.005 ಡಾಲರ್, ಅಂದರೆ ತಿಂಗಳಿಗೆ ಸುಮಾರು 3.65 ಡಾಲರ್.

ಸಂದೇಶದಲ್ಲಿಲ್ಲದ ಇನ್ನೊಂದು ಅಪಾಯ, ನನ್ನ ಪ್ರಕಾರ ಬಿಲ್ಲಿಗಿಂತ ದೊಡ್ಡದು. ಅಜೂರ್‌ನ ಹಲವು ವಿಂಡೋಸ್ ಸರ್ವರ್‌ಗಳಲ್ಲಿ ಡಿ ಡ್ರೈವ್ ತಾತ್ಕಾಲಿಕ ಡಿಸ್ಕ್. ಡೀಅಲೊಕೇಟ್ ಆದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಟ್ಯಾಲಿ ಡೇಟಾ ಫೋಲ್ಡರ್ ಅಲ್ಲಿದ್ದರೆ ಇವತ್ತೇ ಬೇರೆ ಡಿಸ್ಕಿಗೆ ಸಾಗಿಸಿ, ಆಮೇಲೆ ಸ್ಟಾಪ್ ಒತ್ತಿ.