ಹುಲಿ ಬಾಳಿಕೆ ಬರುತ್ತದೆಯೇ?

ಚಪ್ಪಲಿ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಅದು. ಕುಕ್ಕರಿನ ಗ್ಯಾಸ್ಕೆಟ್ಟಿಗೆ ಕೇಳಬಹುದು, ಸೋಫಾದ ಬಟ್ಟೆಗೆ ಕೇಳಬಹುದು, ಹೊಸ ಮಂತ್ರಿಯ ಉತ್ಸಾಹಕ್ಕೂ ಕೇಳಬಹುದು: ಬಾಳಿಕೆ ಬರುತ್ತದೆಯೇ? ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು ಎರಡು ವರ್ಷಗಳಿಂದ ತಮ್ಮ ಹುಲಿಗಳನ್ನು ಮುಂದೆ ಕೂರಿಸಿಕೊಂಡು ಇದನ್ನೇ ಕೇಳುತ್ತಿದ್ದಾರೆ. ಗೆದ್ದ ದಿನ ಇನ್ನೂ ಜೋರಾಗಿ ಕೇಳುತ್ತಾರೆ.

2024ರ ಬೇಸಿಗೆಯಲ್ಲಿ ನಾನು ಡೆಟ್ರಾಯಿಟ್‌ನ ಹೊರವಲಯದಲ್ಲಿ ಮಗನ ಮನೆಯಲ್ಲಿದ್ದೆ. ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗುವ ತಂದೆತಾಯಿಗಳಿಗೆ ಅಲ್ಲಿ ಎರಡೇ ಉದ್ಯೋಗ. ಹಿತ್ತಲಿನಲ್ಲಿ ಮೆಂತ್ಯದ ಸೊಪ್ಪು ಬೆಳೆಯುವುದು, ಟಿವಿ ನೋಡುವುದು. ಮೆಂತ್ಯವನ್ನು ಮೊಲ ತಿಂದುಹಾಕಿತು. ಉಳಿದದ್ದು ಬೇಸ್‌ಬಾಲ್. ಋತುವೊಂದಕ್ಕೆ 162 ಪಂದ್ಯ. ನಮ್ಮ ಧಾರಾವಾಹಿಗಳಂತೆ ದಿನವೂ ಇರುತ್ತದೆ, ನಾಲ್ಕು ದಿನ ತಪ್ಪಿಸಿದರೂ ಕಥೆ ಅಲ್ಲೇ ನಿಂತಿರುತ್ತದೆ.

ಆಗಸ್ಟ್ 10ರ ಹೊತ್ತಿಗೆ ಟೈಗರ್ಸ್ 55 ಗೆದ್ದು 63 ಸೋತಿತ್ತು. ಪ್ಲೇಆಫ್ ತಲುಪುವ ಸಾಧ್ಯತೆ ಶೇ 0.2 ಎಂದು ಕಂಪ್ಯೂಟರ್ ಹೇಳಿತು. ಐನೂರಕ್ಕೆ ಒಂದು. ಕಾರು ಕಾರ್ಖಾನೆಯಿಂದ ನಿವೃತ್ತನಾದ ಪಕ್ಕದ ಮನೆಯ ಹಿರಿಯ ಇದನ್ನು ಬೇಲಿಯ ಆಚೆಯಿಂದ ನನಗೆ ಓದಿ ಹೇಳಿದಾಗ ಅವನ ಮುಖದಲ್ಲಿ ಒಂದು ನೆಮ್ಮದಿಯಿತ್ತು. ವೈದ್ಯರು ಕೈಚೆಲ್ಲಿದ ಮೇಲೆ ನೆಂಟರ ಮುಖದಲ್ಲಿ ಕಾಣುವಂಥದ್ದು. ನಮ್ಮ ಕಡೆ ಐನೂರಕ್ಕೊಂದು ಎಂದರೆ ಕೈಬಿಡುವ ಮಾತೇ ಅಲ್ಲ, ಜನ ಸರ್ಕಾರಿ ನೌಕರಿಗೆ ಅರ್ಜಿ ಹಾಕುವುದೇ ಅದಕ್ಕಿಂತ ಕಡಿಮೆ ಸಾಧ್ಯತೆಯ ಮೇಲೆ ಎಂದೆ. ಬೆಂಗಳೂರಿನ ನಮ್ಮ ಕ್ರಿಕೆಟ್ ತಂಡ ಅದೇ ವರ್ಷ ಮೊದಲ ಎಂಟರಲ್ಲಿ ಏಳು ಸೋತು, ಮುಂದಿನ ಆರನ್ನೂ ಗೆದ್ದು ಪ್ಲೇಆಫ್ ಸೇರಿದ ಕಥೆಯನ್ನೂ ಹೇಳಿದೆ. ಕಪ್ ಗೆದ್ದರೇ ಎಂದು ಕೇಳಿದ. ಇಲ್ಲ, ಮೊದಲ ಪಂದ್ಯದಲ್ಲೇ ಮನೆಗೆ ಬಂದರು ಎಂದೆ. "ನೋಡಿದೆಯಾ, ಬಾಳಿಕೆ ಬರಲಿಲ್ಲ" ಎಂದು ಹುಲ್ಲು ಕತ್ತರಿಸಲು ಹೋದ.

ಆಮೇಲೆ ಹುಲಿಗಳು ಗೆಲ್ಲತೊಡಗಿದವು. ಉಳಿದ 44 ಪಂದ್ಯಗಳಲ್ಲಿ 31 ಗೆದ್ದವು. ಊರು ಕುಣಿಯಬೇಕಿತ್ತು. ಜನ ಮಾತ್ರ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಪ್ರತಿ ಗೆಲುವನ್ನೂ ಮುಟ್ಟಿ ನೋಡತೊಡಗಿದರು. ಇದು ನಿಜವಾದ ಗೆಲುವೋ, ಅದೃಷ್ಟವೋ? ಎದುರಾಳಿಯೇ ಸೊರಗಿದ್ದನೋ? ಸೋತಾಗ ಯಾರೂ ಹೀಗೆ ವಿಚಾರಿಸಿದವರಲ್ಲ. 2019ರಲ್ಲಿ ಇದೇ ತಂಡ 114 ಪಂದ್ಯ ಸೋತಿತಲ್ಲ, ಅದು ದುರದೃಷ್ಟವಿರಬಹುದೇ ಎಂದು ಯಾರೂ ಸಮಿತಿ ಕೂರಿಸಲಿಲ್ಲ. ಸೋಲು ಸ್ವಂತದ್ದು, ಗೆಲುವು ಮಾತ್ರ ಎರವಲು.

ಪಕ್ಕದ ಮನೆಯವನು ಪೈಥಾಗೊರಸನನ್ನು ಕರೆತಂದ. ತಂಡವೊಂದು ನಿಜಕ್ಕೂ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ಹೇಳುವ ಸೂತ್ರವೊಂದಿದೆ. ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಎರಡು ವರ್ಗಗಳನ್ನು ಕೂಡಿಸಿದ ಒಂದೇ ಕಾರಣಕ್ಕೆ ಅದಕ್ಕೆ ಪೈಥಾಗೊರಸನ ಹೆಸರು ಅಂಟಿದೆ. ತ್ರಿಕೋನವೂ ಇಲ್ಲ, ವಿಕರ್ಣವೂ ಇಲ್ಲ. ಹತ್ತನೆಯ ತರಗತಿಯಲ್ಲಿ ಪ್ರಮೇಯ ಸಾಧಿಸಲಾಗದೆ ಅಂಕ ಕಳೆದುಕೊಂಡ ನನಗೆ ಆ ಮನುಷ್ಯ ಮಿಷಿಗನ್‌ವರೆಗೂ ಬೆನ್ನಟ್ಟಿ ಬಂದದ್ದು ಕಂಡು ಬೆವರಿತು. ಈ ಸೂತ್ರ ಕಟ್ಟಿದ ಬಿಲ್ ಜೇಮ್ಸ್ ಕನ್ಸಾಸ್ ರಾಜ್ಯದಲ್ಲಿ ಡಬ್ಬಿಗೆ ಹುರುಳಿಕಾಯಿ ಬೀಜವನ್ನೂ ಹಂದಿಮಾಂಸವನ್ನೂ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನಾಗಿದ್ದವನು. ಬೇಸ್‌ಬಾಲ್ ಕುರಿತು ಬರೆಯತೊಡಗಿದ್ದು ಆ ದಿನಗಳಲ್ಲೇ. ಪೈಥಾಗೊರಸನೋ, ತನ್ನ ಶಿಷ್ಯರು ಆ ಜಾತಿಯ ಕಾಳನ್ನು ಮುಟ್ಟಲೇಕೂಡದೆಂದು ಕಟ್ಟುನಿಟ್ಟು ಮಾಡಿದ್ದನೆಂದು ಹಳೆಯ ಕಥೆಗಳು ಹೇಳುತ್ತವೆ. ಒಬ್ಬ ಕಾಳು ತಿನ್ನಬೇಡ ಎಂದ, ಇನ್ನೊಬ್ಬ ರಾತ್ರಿಯಿಡೀ ಕಾಳು ಕಾಯ್ದ. ಇಬ್ಬರೂ ಸೇರಿ ನಮ್ಮ ಪಕ್ಕದ ಮನೆಯವನ ನಿದ್ದೆ ಕೆಡಿಸಿದರು. ಇದಕ್ಕೂ ಹುಲಿಗಳಿಗೂ ಏನು ಸಂಬಂಧ ಎಂದು ಕೇಳಬೇಡಿ. ನನಗೆ ಆ ಬೇಸಿಗೆಯಲ್ಲಿ ತಿಳಿದ ಅತ್ಯಂತ ಸಂತೋಷದ ಸಂಗತಿ ಇದೇ.

ಪಕ್ಕದ ಮನೆಯವನ ಇನ್ನೊಂದು ಮಂತ್ರ "ಸರಾಸರಿಗೆ ಮರಳುವುದು". ಎಷ್ಟೇ ಎತ್ತರಕ್ಕೆ ಹಾರಿದರೂ ಕೊನೆಗೆ ಎಲ್ಲರೂ ಸರಾಸರಿಗೆ ಮರಳಲೇಬೇಕಂತೆ. ನಮ್ಮಲ್ಲಿ ಜೀವಾತ್ಮ ಪರಮಾತ್ಮನನ್ನು ಸೇರುತ್ತದೆ, ಅವರಲ್ಲಿ ತಂಡ ಸರಾಸರಿಯನ್ನು ಸೇರುತ್ತದೆ. ವ್ಯತ್ಯಾಸವೆಂದರೆ ನಮ್ಮವರು ಅದಕ್ಕಾಗಿ ಹಂಬಲಿಸುತ್ತಾರೆ.

ತಂಡವೂ ಅವರ ಅನುಮಾನಕ್ಕೆ ತಕ್ಕ ಹಾಗೆಯೇ ಇತ್ತೆನ್ನಿ. ಟಾರಿಕ್ ಸ್ಕೂಬಲ್ ಎಂಬ ಒಬ್ಬ ಪಿಚರ್ (ಚೆಂಡೆಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ), ಆ ವರ್ಷ 18 ಗೆದ್ದು 228 ಜನರನ್ನು ಸ್ಟ್ರೈಕ್‌ಔಟ್ ಮಾಡಿದವನು, ಐದು ದಿನಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನಗಳಿಗೆ ಮ್ಯಾನೇಜರ್ ಎ. ಜೆ. ಹಿಂಚ್ "ಪಿಚಿಂಗ್ ಕೇಯಾಸ್", ಅಂದರೆ ಎಸೆತದ ಗೊಂದಲ, ಎಂದು ತಾನೇ ನಾಮಕರಣ ಮಾಡಿದ್ದ. ಮದುವೆ ಮನೆಗೆ ಅಡುಗೆಭಟ್ಟ ಬಾರದ ದಿನ ಚಿಕ್ಕಪ್ಪ ಒಗ್ಗರಣೆ ಹಾಕಿ, ಸೋದರತ್ತೆ ಉಪ್ಪು ನೋಡಿ, ಯಾರ ಕಡೆಯವನೆಂದು ಗೊತ್ತಿಲ್ಲದ ಹುಡುಗನೊಬ್ಬ ಸಾರು ಇಳಿಸುತ್ತಾನಲ್ಲ, ಅದೇ ಏರ್ಪಾಡು. ಊಟ ಚೆನ್ನಾಗಿತ್ತು. ಆದರೂ ಬಾಳೆಲೆಯ ಮುಂದೆ ಕುಳಿತವರು ರಾತ್ರಿಗೆ ಹೊಟ್ಟೆ ಕೆಡಬಹುದೇ ಎಂದು ಚರ್ಚಿಸುತ್ತಿದ್ದರು.

ಸೆಪ್ಟೆಂಬರ್ 27ರಂದು ಡೆಟ್ರಾಯಿಟ್‌ನ ಕೊಮೆರಿಕಾ ಪಾರ್ಕಿನಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡವನ್ನು 4-1ರಿಂದ ಸೋಲಿಸಿ ಟೈಗರ್ಸ್ ಹತ್ತು ವರ್ಷಗಳ ನಂತರ ಪ್ಲೇಆಫ್ ಸೇರಿತು. ಸೋತ ಶಿಕಾಗೋಗೆ ಅದು ಋತುವಿನ 121ನೆಯ ಸೋಲು, ಆಧುನಿಕ ಕಾಲದ ದಾಖಲೆ. ಒಂದೇ ಮೈದಾನದಲ್ಲಿ ಹೆರಿಗೆಯೂ ತಿಥಿಯೂ. ಆಮೇಲೆ ಹ್ಯೂಸ್ಟನ್‌ಗೆ ಹೋಗಿ, ಏಳು ವರ್ಷ ಬಿಡದೆ ಲೀಗ್‌ನ ಅಂತಿಮ ಸರಣಿ ಆಡಿದ್ದ ಆಸ್ಟ್ರೋಸ್ ತಂಡವನ್ನು ಎರಡೇ ದಿನದಲ್ಲಿ ಮುಗಿಸಿ ಬಂದರು. ಎರಡನೆಯ ದಿನ ಮಹಾಲಯ ಅಮಾವಾಸ್ಯೆ. ಇಂಥ ದಿನ ಯಾರಾದರೂ ಶುಭಕಾರ್ಯ ಮಾಡುತ್ತಾರೆಯೇ ಎಂದು ನನ್ನ ಹೆಂಡತಿ ಗೊಣಗಿದಳು. ಅಕ್ಟೋಬರ್ 12ರ ವಿಜಯದಶಮಿಯಂದು ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ವಿರುದ್ಧ ಐದನೆಯ ಪಂದ್ಯ. ಸ್ಕೂಬಲ್ ಎಸೆದ ಚೆಂಡನ್ನು ಲೇನ್ ಥಾಮಸ್ ಗ್ರ್ಯಾಂಡ್ ಸ್ಲ್ಯಾಮ್ ಬಾರಿಸಿದ, ಒಂದೇ ಹೊಡೆತಕ್ಕೆ ನಾಲ್ಕು ರನ್. ಹುಲಿವೇಷ ಕಳಚಿತು. ಪಕ್ಕದ ಮನೆಯವನು ಬೇಲಿಯ ಬಳಿ ಬಂದು ನಿಂತ. ಅವನ ದುಃಖದಲ್ಲಿ, ಆಣೆಗೂ, ಒಂದು ಚೂರು ಸಮಾಧಾನವಿತ್ತು.

ಮುಂದಿನ ವರ್ಷದ ಕಥೆ ಎಲ್ಲರಿಗೂ ಗೊತ್ತೇ ಇದೆ. 2025ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡ್ ಟೈಗರ್ಸ್‌ಗಿಂತ ಹದಿನೈದೂವರೆ ಪಂದ್ಯಗಳಷ್ಟು ಹಿಂದೆ ಬಿದ್ದಿತ್ತು. ಈ "ಅರೆ ಪಂದ್ಯ" ನನಗೆ ಈಗಲೂ ಅರಗಿಲ್ಲ. ಒಬ್ಬರು ಆಡಿ ಇನ್ನೊಬ್ಬರು ಆಡದೆ ಇದ್ದರೆ ಅರ್ಧವಂತೆ; ಮನೆಯಲ್ಲಿ ಒಬ್ಬರು ಉಪವಾಸವಿದ್ದರೆ ಅರ್ಧ ಏಕಾದಶಿ ಎಂದ ಹಾಗೆ. ಇರಲಿ. ಕಂಪ್ಯೂಟರ್ ಈ ಸಲ ಟೈಗರ್ಸ್ ತನ್ನ ವಿಭಾಗದಲ್ಲಿ ಮೊದಲು ಬರುವ ಸಾಧ್ಯತೆ ಶೇ 99ಕ್ಕೂ ಹೆಚ್ಚು ಎಂದಿತು. ಹಿಂದಿನ ವರ್ಷ 0.2 ಎಂದಾಗ ತೋರಿದ ಗಾಂಭೀರ್ಯವೇ, ಅದೇ ದಶಮಾಂಶ ಬಿಂದು. ಕೊನೆಗೆ ಕ್ಲೀವ್‌ಲ್ಯಾಂಡ್‌ಗೆ 88 ಗೆಲುವು, ಡೆಟ್ರಾಯಿಟ್‌ಗೆ 87. ಅಷ್ಟು ಹಿಂದಿನಿಂದ ಬಂದು ಯಾರೂ ಗೆದ್ದಿರಲಿಲ್ಲ. 1914ರ ಬಾಸ್ಟನ್ ಬ್ರೇವ್ಸ್ ಬಂದದ್ದು ಹದಿನೈದರಿಂದ. ಬಾಗಿಲ ಸಂದಿಯಲ್ಲಿ ನುಸುಳಿ ಪ್ಲೇಆಫ್ ಸೇರಿದ ಟೈಗರ್ಸ್ ಅದೇ ಕ್ಲೀವ್‌ಲ್ಯಾಂಡನ್ನು ಅದರ ಊರಿನಲ್ಲೇ ಕೆಡವಿತು. ದಿನಾಂಕ ಅಕ್ಟೋಬರ್ 2. ವಿಜಯದಶಮಿ! ಒಂದು ದಶಮಿಗೆ ಸೋಲು, ಮರುದಶಮಿಗೆ ಗೆಲುವು, ಎದುರಾಳಿ ಒಬ್ಬನೇ. ಒಂಟಿಕೊಪ್ಪಲ್ ಪಂಚಾಂಗದ ಒಂದು ಪ್ರತಿಯನ್ನು ಡೆಟ್ರಾಯಿಟ್‌ಗೆ ಅಂಚೆಯಲ್ಲಿ ಕಳುಹಿಸಲು ನಾನು ಸಿದ್ಧ. ರಾಹುಕಾಲ ಹೇಳುವವನು ದಶಮಾಂಶ ಬಿಂದುವಿನ ಮುಂದೆ ಹೋಗುವಷ್ಟು ಧೈರ್ಯ ಮಾಡುವುದಿಲ್ಲ.

ನಗು ಇಲ್ಲಿಗೆ ಸಾಕು. ಈ ಶೇಕಡಾ ಲೆಕ್ಕ ಬೇಲಿಯ ಮೇಲಿನ ಹರಟೆಯಾಗಿಯೇ ಉಳಿದಿದ್ದರೆ ನನಗೆ ತಕರಾರಿರಲಿಲ್ಲ. 2024ರ ಜುಲೈ ಕೊನೆಯಲ್ಲಿ, ಇನ್ನೇನು ಈ ವರ್ಷ ಆಗುವುದಿಲ್ಲ ಎಂದು ಆಡಳಿತದವರು ಜ್ಯಾಕ್ ಫ್ಲಾಹರ್ಟಿಯನ್ನು ಲಾಸ್ ಏಂಜಲೀಸ್ ಡಾಜರ್ಸ್‌ಗೆ ಸಾಗಿಸಿದರು. ಸ್ಕೂಬಲ್ ಬಿಟ್ಟರೆ ತಂಡದಲ್ಲಿದ್ದ ಒಳ್ಳೆಯ ಪಿಚರ್ ಅವನೇ. ಮಾಲೀಕರದು ಪಿಜ್ಜಾ ವ್ಯಾಪಾರದ ಮನೆತನ, ಬಿಸಿಯಿರುವಾಗಲೇ ಮಾರುವ ವಿದ್ಯೆ ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವನ ಬದಲು ಬಂದ ಇಬ್ಬರು ಹುಡುಗರಲ್ಲಿ ಒಬ್ಬ ಆಗಸ್ಟ್‌ನಲ್ಲೇ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ನಿಂತು ಉಪಯೋಗಕ್ಕೂ ಬಂದ, ಒಪ್ಪುತ್ತೇನೆ. ಲೆಕ್ಕದ ಪ್ರಕಾರ ಸರಿ. ಎಲ್ಲವೂ ಲೆಕ್ಕದ ಪ್ರಕಾರ ಸರಿಯೇ. ಫ್ಲಾಹರ್ಟಿ ಆ ಅಕ್ಟೋಬರ್‌ನಲ್ಲಿ ಡಾಜರ್ಸ್ ಜೊತೆ ವಿಶ್ವ ಸರಣಿ ಗೆದ್ದ. ಹಣ ಕೊಟ್ಟು ಟಿಕೆಟ್ ಕೊಂಡವನು, 114 ಸೋಲುಗಳನ್ನು ಬಿಸಿಲಲ್ಲಿ ಕುಳಿತು ನೋಡಿದವನು, ಇದಕ್ಕೆ ಬೈಯಬೇಕಿತ್ತು. ನಮ್ಮ ಪಕ್ಕದ ಮನೆಯವನು ಬೈಯಲಿಲ್ಲ, "ಒಳ್ಳೆಯ ಬೆಲೆ ಬಂತು" ಎಂದ. ಯಾರಿಗೆ ಬಂತು? ಅವನ ಜೇಬಿಗೆ ಒಂದು ಬಿಡಿಗಾಸಾದರೂ ಬಂತೇ? ನಲವತ್ತು ವರ್ಷ ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸಿದ ಮನುಷ್ಯನಿಗೆ ಮಾಲೀಕನ ಗುಮಾಸ್ತನಂತೆ ಮಾತನಾಡಲು ಯಾರು ಕಲಿಸಿದರು?

ಯಾರು ಕಲಿಸಿದರೆಂದು ಟಿವಿಯ ಮೂಲೆ ನೋಡಿದರೆ ಗೊತ್ತಾಗುತ್ತದೆ. ಮಿಷಿಗನ್‌ನಲ್ಲಿ 2021ರ ಜನವರಿಯಿಂದ ಮೊಬೈಲಿನಲ್ಲೇ ಬಾಜಿ ಕಟ್ಟಬಹುದು. ಗೆಲ್ಲುವುದೋ ಬಿಡುವುದೋ ಎಂಬುದಿರಲಿ, ಮುಂದಿನ ಒಂದೇ ಒಂದು ಎಸೆತ ಹೇಗೆ ಬೀಳುತ್ತದೆ ಎಂಬುದರ ಮೇಲೂ ಹಣ ಹಾಕಬಹುದು. 2024ರ ಸರಣಿಯಲ್ಲಿ ಟೈಗರ್ಸ್‌ನ ಕೆರಿ ಕಾರ್ಪೆಂಟರ್ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಯಾರ ಎಸೆತಕ್ಕೆ ಹೋಮ್‌ರನ್ ಹೊಡೆದು ಊರನ್ನೇ ಎಬ್ಬಿಸಿದನೋ, ಕ್ಲೀವ್‌ಲ್ಯಾಂಡ್‌ನ ಆ ಎಮಾನ್ಯುಯೆಲ್ ಕ್ಲಾಸೆಯ ಮೇಲೆ, ಬಾಜಿದಾರರಿಗಾಗಿ ಎಸೆತಗಳನ್ನು ಮೊದಲೇ ನಿಗದಿ ಮಾಡಿಕೊಂಡಿದ್ದನೆಂದು 2025ರ ನವೆಂಬರ್‌ನಲ್ಲಿ ಆರೋಪಪಟ್ಟಿ ಬಂದಿದೆ. ತಾನು ನಿರ್ದೋಷಿ ಎಂದು ಅವನು ಹೇಳಿದ್ದಾನೆ. ತೀರ್ಪು ನ್ಯಾಯಾಲಯದ ಕೆಲಸ. ಲೀಗ್ ಏನು ಮಾಡಿತು? ಎಸೆತದ ಮೇಲಿನ ಬಾಜಿಗೆ 200 ಡಾಲರಿನ ಮಿತಿ ಹಾಕಿಸಿತು. ಮನೆಗೆ ಬೆಂಕಿ ಬಿದ್ದಾಗ, ದಿನಕ್ಕೆ ಇಷ್ಟೇ ಕಡ್ಡಿ ಗೀರಬೇಕು ಎಂದಂತೆ. ಬಾಜಿ ನಿಲ್ಲಿಸಿ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಏಕೆಂದರೆ ಬಾಯಿ ತುಂಬಿದೆ.

2025ರ ಕೊನೆಯ ಪಂದ್ಯವನ್ನು ನಾನು ಮೈಸೂರಿನಲ್ಲಿ ನೋಡಿದೆ. ಸಿಯಾಟಲ್‌ನಲ್ಲಿ ಶುಕ್ರವಾರ ರಾತ್ರಿ, ಇಲ್ಲಿ ಶನಿವಾರದ ಬೆಳಗು. ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಜನರನ್ನು ಕಳುಹಿಸಿ ಕುಳಿತ. ಕಾಫಿಯ ಹೊತ್ತಿಗೆ ಒಂದು ರನ್ ಮುನ್ನಡೆ. ಉಪ್ಪಿಟ್ಟಿನ ಹೊತ್ತಿಗೆ ಸಮ. ಉಪ್ಪಿಟ್ಟು ಆರಿತು, ಹೆಂಡತಿ ಸ್ನಾನ ಪೂಜೆ ಮುಗಿಸಿ ಬಂದಳು, ಇನ್ನೂ ಸಮ. ಸುಮಾರು ಐದು ಗಂಟೆಗಳಲ್ಲಿ ಅವರು ಹದಿನೈದು ಇನಿಂಗ್ಸ್ ಆಡಿದರು. ಅಷ್ಟು ಹೊತ್ತು ಮಗ ಫೋನಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಶೇಕಡಾ ಎಷ್ಟು ಎಂದು ಇಬ್ಬರೂ ಒಮ್ಮೆಯೂ ಕೇಳಲಿಲ್ಲ. ಸಿಯಾಟಲ್‌ನ ಹಾರ್ಹೆ ಪೊಲಾಂಕೋ ಹೊಡೆದ, 3-2, ಮುಗಿಯಿತು.

ಬಹಳ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ ಕೇಳಿದ: "ಅಪ್ಪಾ, ಸ್ಕೂಬಲ್‌ನ ಒಪ್ಪಂದ 2026ಕ್ಕೆ ಮುಗಿಯುತ್ತದೆ. ಈಗಲೇ ಮಾರಿದರೆ ಒಳ್ಳೆಯ ಬೆಲೆ ಬರುವುದಿಲ್ಲವೇ?"

ಅಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು. ಮಲಗು ಎಂದೆ.